ಬೆಣ್ಣೆ ಗೋಡೆ ದಾಟಿದ ಮಂಗಳವಾರ

"ಉಸಿರು ಬಿಡು," ಅಂದರು ಅತ್ತಿಗೆ.

"ಬಿಟ್ಟಾಯ್ತು ಅತ್ತಿಗೆ. ಇನ್ನೂ ಬಿಡು ಅಂದ್ರೆ ಪ್ರಾಣಾನೇ ಬಿಡಬೇಕು."

ನನ್ನ ಬೆನ್ನಿಗೆ ದೊಡ್ಡಪ್ಪನ ಗ್ಯಾರೇಜಿನ ಗೋಡೆ, ಹೊಟ್ಟೆಗೆ ಕರಿಯ. ಕರಿಯ ಅಂದರೆ ದೊಡ್ಡಪ್ಪನ ಹಳೇ ಕಪ್ಪು ಕಾರು. ಎರಡರ ನಡುವೆ ಇದ್ದದ್ದು ಗೇಣುದ್ದದ ಜಾಗ. ಹನ್ನೆರಡು ವರ್ಷ ಕನ್ನಡಕದ ಅಂಗಡಿಯಲ್ಲಿ ಕೂತು ಮೈ ಬೆಳೆಸಿಕೊಂಡವನನ್ನು ಇಂಥ ಸಂದಿಗೆ ತೂರಿಸುವ ಧೈರ್ಯ ಈ ಜಗತ್ತಿನಲ್ಲಿ ನನ್ನ ಅತ್ತಿಗೆಯೊಬ್ಬರಿಗೇ ಇರುವುದು. ಅಪಘಾತವಾದ ಕಾರುಗಳನ್ನು ಪರೀಕ್ಷಿಸಿ ವಿಮಾ ಕಂಪನಿಗೆ ವರದಿ ಬರೆಯುವ ಸರ್ವೇಯರ್ ಆಗಿದ್ದವರು ಅವರು. ಕೆಲಸ ಬಿಟ್ಟು ಮೂರು ವರ್ಷವಾಯಿತು, ಪರೀಕ್ಷಿಸುವುದನ್ನು ಇನ್ನೂ ಬಿಟ್ಟಿಲ್ಲ. ಬೇಕಿದ್ದರೆ ನಮ್ಮಣ್ಣನನ್ನು ಕೇಳಿ ನೋಡಿ.

"ಕೆಳಗೆ ಬಗ್ಗಿ ಹಿಂದಿನ ಡಾಲಿ ನೋಡು."

"ಬಗ್ಗೋದಾ? ನಿಂತಿರೋದೇ ದೊಡ್ಡ ಸಾಹಸ ಇಲ್ಲಿ."

"ಕನ್ನಡಿ ತಂದಿದ್ದೀಯಲ್ಲ, ಅದನ್ನ ಇಳಿಸು."

ಹೊಸ ಕನ್ನಡಕ ಹಾಕಿಕೊಂಡವರಿಗೆ ಮುಖ ತೋರಿಸಲು ಅಂಗಡಿಯಲ್ಲಿ ಇಟ್ಟಿರುವ ಕೈಗನ್ನಡಿ ಅದು. ಮೊಣಕಾಲಿನ ಪಕ್ಕಕ್ಕೆ ಇಳಿಸಿ, ಇನ್ನೊಂದು ಕೈಯಲ್ಲಿ ಮೊಬೈಲಿನ ಟಾರ್ಚು ಹಿಡಿದೆ. ಹಿಂದಿನ ಚಕ್ರದ ಕೆಳಗೆ ಡಾಲಿ ಕಾಣಿಸಿತು.

ಡಾಲಿ ಅಂದರೆ ಬೇರೇನಲ್ಲ, ನಾಲ್ಕು ಪುಟ್ಟ ಗಾಲಿಗಳಿರುವ ಕಬ್ಬಿಣದ ತಟ್ಟೆ. ಜಾಕ್ ಕೊಟ್ಟು ಕಾರನ್ನು ಎತ್ತಿ, ಒಂದೊಂದು ಚಕ್ರದ ಕೆಳಗೂ ಒಂದೊಂದು ಡಾಲಿ ತಳ್ಳಿ ಇಳಿಸಿಬಿಟ್ಟರೆ, ಹಿಂದೆ ಮುಂದೆ ಮಾತ್ರ ಹೋಗುತ್ತಿದ್ದ ಕಾರು ಅಡ್ಡಡ್ಡಲಾಗಿಯೂ ಜಾರುತ್ತದೆ. ಎರಡೇ ಕಾರಿಗೆ ಸಾಲುವ ಈ ಗ್ಯಾರೇಜಿನಲ್ಲಿ ದೊಡ್ಡಪ್ಪ ಮೂರು ಕಾರು ಸಾಕಿರುವುದು ಇಂಥ ಹನ್ನೆರಡು ತಟ್ಟೆಗಳ ಪುಣ್ಯದಿಂದ. ಮೂವತ್ತೈದು ವರ್ಷ ಲಿಫ್ಟ್ ರಿಪೇರಿ ಮಾಡಿದವರು ಅವರು. ಇಕ್ಕಟ್ಟು ಅಂದರೆ ಅವರಿಗೆ ತವರುಮನೆ ಇದ್ದ ಹಾಗೆ.

"ಏನು ಕಾಣ್ತಿದೆ?"

"ಜೇಡರ ಬಲೆ. ಡಾಲಿಯಿಂದ ಗೋಡೆವರೆಗೂ ಕಟ್ಟಿದೆ. ಎರಡು ನೊಣ ಸಿಕ್ಕಿ ಒಣಗಿ ಹೋಗಿವೆ."

"ಎಲ್ಲೂ ಹರಿದಿಲ್ವಾ?"

"ಒಂದು ಎಳೆಯೂ ಇಲ್ಲ."

"ಭೇಷ್!" ಅಂದರು ಅತ್ತಿಗೆ. ಭೇಷ್ ಅಂದದ್ದು ನನಗೋ ಜೇಡಕ್ಕೋ ಗೊತ್ತಾಗಲಿಲ್ಲ.

ಮಂಗಳವಾರ ಮಧ್ಯಾಹ್ನ ಇದೇ ಗ್ಯಾರೇಜಿನಿಂದ, ಹಾಕಿದ ಬೀಗ ಹಾಕಿದ ಹಾಗೇ ಇರುವಾಗ, ದೊಡ್ಡಪ್ಪನ ಮೂರನೇ ಕಾರು ಮಾಯವಾಗಿತ್ತು. ಈಗ ಶನಿವಾರ ಮೂರು ಗಂಟೆ. ನಾಳೆ ಬೆಳಿಗ್ಗೆ ಒಂಬತ್ತರೊಳಗೆ ಅದು ಸಿಗಲೇಬೇಕಿತ್ತು.

ಆ ಕಾರಿನ ಹೆಸರು ಬೆಣ್ಣೆ. ಕೆನೆಬಣ್ಣದ, ಗುಂಡು ಬೆನ್ನಿನ ಪುಟ್ಟ ಕಾರು. ಹೋದ ಸೋಮವಾರ ದೊಡ್ಡಮ್ಮ ತಮ್ಮ ಅರವತ್ತೊಂದನೇ ವಯಸ್ಸಿನಲ್ಲಿ, ಐದನೇ ಸಲ, ಡ್ರೈವಿಂಗ್ ಪರೀಕ್ಷೆಗೆ ಹೋಗಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ಒಂದೇ ಕೈಯಲ್ಲಿ ಇಡೀ ಊರಿನ ಫೋನು ನಿಭಾಯಿಸಿದವರು, ನಾಲ್ಕು ಸಲ ಫೇಲಾದರೂ ಜಗ್ಗಲಿಲ್ಲ. ಐದನೇ ಸಲ ಅವರು ಮನೆಗೆ ಬರುವ ಹೊತ್ತಿಗೆ ದೊಡ್ಡಪ್ಪ ಗೇಟಿಗೆ ಬಲೂನು ಕಟ್ಟಿಸಿ, ಬೀದಿಯವರನ್ನೆಲ್ಲ ಸೇರಿಸಿ, ಕೈಯಲ್ಲಿ ಹೂವು ಹಿಡಿದು ನಿಂತಿದ್ದರು. ಅಲ್ಲೇ ಘೋಷಣೆಯನ್ನೂ ಮಾಡಿಬಿಟ್ಟರು. ಭಾನುವಾರ ಒಂಬತ್ತು ಗಂಟೆಗೆ ಬೆಣ್ಣೆ ಹೊರಗೆ ಬರುತ್ತದೆ, ಓಡಿಸುವವಳು ಇವಳು, ಪಕ್ಕದಲ್ಲಿ ಕೂರುವವನು ನಾನು, ಚಪ್ಪಾಳೆ ತಟ್ಟುವವರು ನೀವು.

ಮಾರನೇ ದಿನ ಬೆಣ್ಣೆಯೇ ಇಲ್ಲ!

"ನಾನು ಓಡಿಸಿದ್ರೆ ಎಲ್ಲಿ ಗೀರು ಬೀಳುತ್ತೋ ಅಂತ ನೀವೇ ಬಚ್ಚಿಟ್ಟಿದ್ದೀರಿ," ಅಂದರು ದೊಡ್ಡಮ್ಮ.

"ನಾನಾ? ಹಾಗಿದ್ರೆ ನಮ್ಮ ಸೊಸೇನ ಕರೆಸು. ಹುಡುಕಲಿ."

"ಕರೆಸಿ! ನನಗೇನು ಭಯಾನಾ?"

ಹೀಗೆ ಒಬ್ಬರಿಗೊಬ್ಬರು ಸವಾಲು ಹಾಕಿಕೊಂಡು, ಒಂದೇ ಸಂಜೆ ಅತ್ತಿಗೆಗೆ ಎರಡು ಫೋನು ಮಾಡಿದ್ದರು. ಆವತ್ತಿನಿಂದ ಮನೆಯಲ್ಲಿ ಎರಡು ಕಡೆ ಊಟ. ದೊಡ್ಡಮ್ಮ ಅಡುಗೆಮನೆಯಲ್ಲಿ, ದೊಡ್ಡಪ್ಪ ನಡುಮನೆಯಲ್ಲಿ. ನಲವತ್ತು ವರ್ಷ ಒಂದೇ ಮೇಜಿನಲ್ಲಿ, ಒಬ್ಬರ ತಟ್ಟೆಯಿಂದ ಇನ್ನೊಬ್ಬರು ಕಿತ್ತುಕೊಂಡು ಉಂಡವರು ಅವರು. ಶಾಲೆಗೆ ರಜ ಬಂದರೆ ನಾನು ಓಡಿ ಬರುತ್ತಿದ್ದದ್ದು ಈ ಮನೆಗೆ, ಇವರಿಬ್ಬರ ಜಗಳ ನೋಡಿ ನಗುವುದಕ್ಕೆ. ಈಗ ಜಗಳವೂ ಇಲ್ಲ, ಮಾತೂ ಇಲ್ಲ. ನನಗೆ ಅದು ಸ್ವಲ್ಪವೂ ಹಿಡಿಸಿರಲಿಲ್ಲ.

ಸಂದಿಯಿಂದ ಹೊರಗೆ ಬರಲು ನನಗೆ ಹತ್ತು ನಿಮಿಷ ಹಿಡಿಯಿತು. ಅಂಗಿಯ ಒಂದು ಗುಂಡಿ ಕರಿಯನಿಗೆ ಕಾಣಿಕೆಯಾಯಿತು. ಬಾಗಿಲ ಹತ್ತಿರ ದೊಡ್ಡಪ್ಪ ಪೊರಕೆ ಹಿಡಿದು ನಿಂತಿದ್ದರು. ಪೊರಕೆ ತಲುಪುವಷ್ಟು ನೆಲವನ್ನು ದಿನಕ್ಕೆ ಎರಡು ಸಲ ಗುಡಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಕಡಲೆ ಗಾತ್ರದ ಒಂದು ಕಲ್ಲು ಸಾಕಂತೆ, ಡಾಲಿಯ ಗಾಲಿ ಅಲ್ಲೇ ಮುಷ್ಕರ ಹೂಡುತ್ತದೆ.

"ಕೆಂಪಿ ಕೆಳಗೂ ಬಲೆ ಹಾಗೇ ಇದೆ, ನಾನೇ ನೋಡಿದೆ," ಅಂದರು ಅತ್ತಿಗೆ. ಕೆಂಪಿ ಎಂದರೆ ನಡುವಿನ ಕೆಂಪು ಕಾರು. "ಈಗ ಹೇಳು ಮೈದುನ, ಈ ಗ್ಯಾರೇಜಿಗೆ ಬಾಗಿಲು ಎಲ್ಲಿದೆ?"

"ಎದುರಿಗೇ ಇದೆಯಲ್ಲ."

"ಯಾವ ಕಾರಿನ ಎದುರಿಗೆ?"

ನೋಡಿದೆ. ಬಾಗಿಲು ಗ್ಯಾರೇಜಿನಷ್ಟು ಅಗಲವಿಲ್ಲ. ಅದು ಬಲಕ್ಕಿದೆ, ಕರಿಯ ಮತ್ತು ಕೆಂಪಿಯ ಮೂತಿಗೆ ನೇರವಾಗಿ. ಬೆಣ್ಣೆ ಇದ್ದದ್ದು ಎಡಗಡೆಯ ಮೂಲೆಯಲ್ಲಿ, ಗೋಡೆಗೆ ಅಂಟಿಕೊಂಡು. ಅದರ ಎದುರಿಗೆ ಬಾಗಿಲಿಲ್ಲ, ಬರೀ ಇಟ್ಟಿಗೆ.

"ಬೆಣ್ಣೆ ಹೊರಗೆ ಹೋಗ್ಬೇಕಾದ್ರೆ ಮೊದಲು ಕೆಂಪಿ ಹೊರಗೆ ಹೋಗ್ಬೇಕು," ಅಂದೆ ನಿಧಾನವಾಗಿ. "ಕೆಂಪಿ ಅಲ್ಲಾಡಿದ್ರೆ ಬಲೆ ಹರೀಬೇಕು."

"ಹರಿದಿಲ್ಲ."

"ಅಂದ್ರೆ ಬೆಣ್ಣೆ ಬಾಗಿಲಿಂದ ಹೋಗಿಲ್ಲ! ಮತ್ತೆ ಹೇಗೆ, ಹಾರಿ ಹೋಯ್ತಾ?"

ಅತ್ತಿಗೆ ಎಡಗಡೆಯ ಗೋಡೆಯ ಹತ್ತಿರ ಹೋಗಿ ಮಂಡಿಯೂರಿದರು. ಗೋಡೆಯ ಉದ್ದಕ್ಕೂ ಒಂದು ಹಳೇ ಜಮಖಾನ ಹಾಸಿತ್ತು. ಅದನ್ನು ಒಂದು ತುದಿಯಿಂದ ಸುರುಳಿ ಸುತ್ತುತ್ತಾ ಬಂದರು. ಬೂದುಬಣ್ಣ ಬಳಿದ ನೆಲದ ಮೇಲೆ ಕೂದಲೆಳೆಯಂಥ ಗೆರೆಗಳು ಎದ್ದು ಕಂಡವು. ಒಂದೆರಡಲ್ಲ, ಹತ್ತಾರು. ಎಲ್ಲವೂ ಗ್ಯಾರೇಜಿನ ಅಡ್ಡಕ್ಕೆ, ಎಡಕ್ಕೆ ಹೋಗಿ, ಗೋಡೆಯ ಬುಡದಲ್ಲಿ ನಿಲ್ಲದೆ, ಗೋಡೆಯ ಕೆಳಗೇ ನುಗ್ಗಿದ್ದವು.

ಅತ್ತಿಗೆ ಬೆರಳಿನ ಗೆಣ್ಣಿನಿಂದ ಗೋಡೆ ಬಡಿದರು. ಟೊಳ್ಳು ಸದ್ದು.

"ದೊಡ್ಡಪ್ಪ," ಅಂದರು ಅವರು, ತಿರುಗದೆಯೇ. "ಇದು ಗೋಡೆ ಅಲ್ಲ. ಹಲಗೆ."

"ಹಲಗೆಯಾ?" ದೊಡ್ಡಪ್ಪ ಪೊರಕೆಯ ಮೇಲೆ ಗದ್ದ ಊರಿದರು. "ಹೌದು, ಹೌದು. ಆಗ ನಮ್ಮ ಗ್ಯಾರೇಜು, ಪಕ್ಕದವರ ಗ್ಯಾರೇಜು ಎರಡೂ ಸೇರಿ ಒಂದು ಪ್ರೆಸ್ಸಿನವರ ಕಾಗದದ ಗೋದಾಮು ಆಗಿತ್ತು. ಆಮೇಲೆ ನಡುವೆ ಹಲಗೆ ಹೊಡೆಸಿ, ಬಣ್ಣ ಬಳಿಸಿದ್ರು. ಮರೆತೇ ಹೋಗಿತ್ತು ನೋಡಮ್ಮ."

"ನಾಲ್ಕು ದಿನದಿಂದ ಒಂದು ಸಲಾನೂ ನೆನಪಾಗಲಿಲ್ವಾ?"

"ವಯಸ್ಸಾಯ್ತಲ್ಲಮ್ಮ."

ಹಲಗೆಗಳನ್ನು ಹಿಡಿದಿದ್ದ ಸ್ಕ್ರೂಗಳ ತಲೆಯ ಮೇಲೆ ಬಣ್ಣ ಕಿತ್ತು ಬಂದು ಕಬ್ಬಿಣ ಮಿರಿಮಿರಿ ಮಿಂಚುತ್ತಿತ್ತು. ಇತ್ತೀಚೆಗೆ ಯಾರೋ ಅವನ್ನು ಬಿಚ್ಚಿ, ಹಲಗೆ ಪಕ್ಕಕ್ಕೆ ಸರಿಸಿ, ಬೆಣ್ಣೆಯನ್ನು ಅಡ್ಡಡ್ಡಲಾಗಿ ಆಚೆ ಜಾರಿಸಿ, ಮತ್ತೆ ಮುಚ್ಚಿ, ಮೇಲೆ ಜಮಖಾನ ಹಾಸಿದ್ದಾರೆ.

"ಎಷ್ಟು ಜನ ಬೇಕು ಇದಕ್ಕೆ? ನಾಲ್ಕು? ಐದು?" ಅಂದೆ.

"ಕೆಂಪೀನ ತಳ್ಳು," ಅಂದರು ಅತ್ತಿಗೆ.

"ಒಬ್ಬನೇನಾ?"

"ಒಂದೇ ಕೈಯಲ್ಲಿ. ಬಲೆ ನೋಡಿದ್ದಾಯ್ತು, ಇನ್ನು ಹರಿದ್ರೂ ಪರವಾಗಿಲ್ಲ."

ದೊಡ್ಡಪ್ಪ ನಾಲ್ಕೂ ಡಾಲಿಗಳ ಲಾಕನ್ನು ಕಾಲಲ್ಲಿ ತಟ್ಟಿ ಬಿಡಿಸಿದರು. ಗಾಲಿಯ ಪಕ್ಕ ಒಂದು ಸಣ್ಣ ಪೆಡಲಿದೆ, ತುಳಿದರೆ ಲಾಕು, ಎತ್ತಿದರೆ ಸಡಿಲ. ನಾನು ಕೆಂಪಿಯ ಬಾಗಿಲಿಗೆ ಅಂಗೈ ಕೊಟ್ಟು, ಹಲ್ಲು ಕಚ್ಚಿ, ಇದ್ದ ಶಕ್ತಿಯನ್ನೆಲ್ಲ ಒಗ್ಗೂಡಿಸಿ ತಳ್ಳಿದೆ.

ಅಷ್ಟು ಶಕ್ತಿ ಬೇಕಿರಲಿಲ್ಲ. ಎಂಟು ನೂರು ಕೆಜಿಯ ಕಾರು ಸುಂಯ್ ಅಂತ ಪಕ್ಕಕ್ಕೆ ಹೊರಟಿತು, ನಾನು ಅದರ ಹಿಂದೆ ಮುಗ್ಗರಿಸಿಕೊಂಡು ಹೊರಟೆ, ದೊಡ್ಡಪ್ಪ "ಅಯ್ಯಯ್ಯೋ ಕನ್ನಡಿ ಕನ್ನಡಿ!" ಎಂದು ಕೂಗುತ್ತಾ ಎದುರಿಂದ ತಡೆದು ನಿಲ್ಲಿಸಿದರು. ನನಗೆ ಖುಷಿ ತಡೆಯಲಾಗಲಿಲ್ಲ. ಇನ್ನೊಂದು ಸಲ ಈ ಕಡೆಯಿಂದ ಆ ಕಡೆಗೆ ತಳ್ಳಿದೆ. ಮೂರನೇ ಸಲಕ್ಕೆ ಅತ್ತಿಗೆ ಕೈ ಹಿಡಿದು ನಿಲ್ಲಿಸಿದರು.

"ಆಟ ಸಾಕು. ಒಬ್ಬರೇ ಸಾಕು ಅನ್ನೋದು ಗೊತ್ತಾಯ್ತಲ್ಲ. ದೊಡ್ಡಪ್ಪ, ಮಂಗಳವಾರ ಮಧ್ಯಾಹ್ನ ನೀವೆಲ್ಲಿದ್ರಿ?"

"ಕಟಿಂಗ್ ಮಾಡಿಸೋಕೆ ಹೋಗಿದ್ದೆ. ಒಂದು ಗಂಟೆ."

ನಾನು ಅವರ ತಲೆ ನೋಡಿದೆ. ಎಣಿಸಿದರೆ ಹದಿಮೂರು ಕೂದಲು. ಒಂದು ಗಂಟೆ ಅಂದರೆ ಕೂದಲಿಗೆ ಹೆಚ್ಚುಕಮ್ಮಿ ಐದು ನಿಮಿಷ. ಆದರೆ ಕಟಿಂಗ್ ಅಂಗಡಿಯವನನ್ನು ಅತ್ತಿಗೆ ಗುರುವಾರವೇ ವಿಚಾರಿಸಿದ್ದರು. ದೊಡ್ಡಪ್ಪ ಅಲ್ಲೇ ಇದ್ದದ್ದು ನಿಜ, ಐವತ್ತು ನಿಮಿಷ ಬೆಣ್ಣೆಯ ಗುಣಗಾನ ಮಾಡಿದ್ದೂ ನಿಜ.

"ಹಲಗೆ ಬಿಚ್ಚಿ ನೋಡೇಬಿಡೋಣ," ಅಂದೆ.

"ಬೇಡ. ಇನ್ನೊಬ್ಬರ ಮನೆಗೆ ಹೋಗೋದಾದ್ರೆ ಮುಂದಿನ ಬಾಗಿಲಿಂದ ಹೋಗ್ಬೇಕು. ನಡಿ."

ಪಕ್ಕದ ಮನೆಯವರನ್ನು ಬೀದಿಯಲ್ಲಿ ಎಲ್ಲರೂ ಬ್ರೇಕ್ ಮೇಷ್ಟ್ರು ಅನ್ನುತ್ತಾರೆ. ಡ್ರೈವಿಂಗ್ ಕಲಿಸುವುದು ಅವರ ವೃತ್ತಿ, ದೊಡ್ಡಮ್ಮನ ಗುರುವೂ ಅವರೇ. ಅವರ ಕಾರಿನಲ್ಲಿ ಕಲಿಯುವವರ ಪಕ್ಕಕ್ಕೂ ಒಂದು ಬ್ರೇಕಿದೆ. ಇಪ್ಪತ್ತು ವರ್ಷ ಅದನ್ನು ತುಳಿದು ತುಳಿದು ಅವರ ಬಲಗಾಲಿಗೆ ಅದೇ ಚಾಳಿ ಬಂದಿದೆ. ಎದೆ ಡವಗುಟ್ಟಿದಾಗಲೆಲ್ಲ, ಕುರ್ಚಿಯಲ್ಲಿ ಕೂತಿರಲಿ, ಅಂಗಳದಲ್ಲಿ ನಿಂತಿರಲಿ, ಬಲಗಾಲು ನೆಲ ತುಳಿಯುತ್ತದೆ.

ನಾವು ಹೋದಾಗ ಅವರು ಕಾರು ತೊಳೆಯುತ್ತಿದ್ದರು. ಅತ್ತಿಗೆಯನ್ನು ಕಂಡದ್ದೇ ತಡ, ಬಲಗಾಲು ಒಮ್ಮೆ ನೆಲ ತುಳಿಯಿತು.

"ಮೇಷ್ಟ್ರೇ, ನಿಮ್ಮ ಗ್ಯಾರೇಜು ಸ್ವಲ್ಪ ನೋಡಬಹುದಾ?"

"ನಮ್ಮದಾ? ಅಲ್ಲೇನಿದೆ ನೋಡೋಕೆ? ಹೆಗ್ಗಣ ಇದೆ."

"ನನಗೆ ಹೆಗ್ಗಣ ಅಂದ್ರೆ ಭಯ ಇಲ್ಲ."

"ಅದಕ್ಕೆ ಹೆಂಗಸರು ಅಂದ್ರೆ ಭಯ." ತುಳಿತ.

"ಇವನನ್ನ ಕಳಿಸ್ತೀನಿ."

"ಕೀಲಿ ಎಲ್ಲಿಟ್ಟಿದ್ದೀನೋ ನೆನಪಿಲ್ಲ." ಮತ್ತೆ ತುಳಿತ.

"ನಿಮ್ಮ ಷಟರ್‌ಗೆ ಬೀಗಾನೇ ಹಾಕಿಲ್ವಲ್ಲ ಮೇಷ್ಟ್ರೇ," ಅಂದೆ ನಾನು. ಕನ್ನಡಕ ಮಾರುವವನಿಗೆ ಅಷ್ಟಾದರೂ ಕಾಣಬೇಡವೇ!

ಮೇಷ್ಟ್ರು ಷಟರ್ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ಮುಖ ಒರೆಸಿಕೊಂಡರು. ಕೆನ್ನೆಗೆಲ್ಲ ಸೋಪಿನ ನೊರೆ ಹತ್ತಿತು.

"ಹಗಲು ಹೊತ್ತು ಯಾರು ಬೀಗ ಹಾಕ್ತಾರೆ? ಪಾಠಕ್ಕೆ ಹೋಗುವಾಗ ಎಳೆದು ಹೋಗ್ತೀನಿ ಅಷ್ಟೇ."

"ಮೇಷ್ಟ್ರೇ," ಅಂದರು ಅತ್ತಿಗೆ, ಮೃದುವಾಗಿ. ಅವರ ದನಿ ಮೃದುವಾದರೆ ನಮ್ಮಣ್ಣ ಮನೆ ಬಿಟ್ಟು ವಾಕಿಂಗ್ ಹೊರಡುತ್ತಾನೆ. "ನೆಲದ ಮೇಲೆ ಗೆರೆ ಇದೆ. ಸ್ಕ್ರೂ ಬಿಚ್ಚಿದ ಗುರುತಿದೆ. ಬೆಣ್ಣೆ ಗೋಡೆ ದಾಟಿ ನಿಮ್ಮ ಮನೆಗೆ ಬಂದಿದೆ. ಮಂಗಳವಾರ ಹನ್ನೆರಡಕ್ಕೂ ಒಂದಕ್ಕೂ ನಡುವೆ. ನೀವು ಕಳ್ಳರಲ್ಲ ಅಂತ ನನಗೆ ಗೊತ್ತು. ಕಳ್ಳನಿಗೆ ಇಷ್ಟು ಬೆವರು ಬರಲ್ಲ. ಯಾರಿಗೆ ಮಾತು ಕೊಟ್ಟಿದ್ದೀರಿ?"

ಬಲಗಾಲು ತುಳಿಯುತ್ತಲೇ ಇತ್ತು. ಆ ರಭಸಕ್ಕೆ ಲಾರಿಯೊಂದು ನಿಲ್ಲಬಹುದಿತ್ತು.

"ಮಾತು ಕೊಟ್ಟ ಮೇಲೆ ಹೇಳೋಕಾಗುತ್ತಾ ತಾಯಿ? ನೀವೇ ಹೇಳಿ."

"ಹೇಳ್ಬೇಡಿ. ಷಟರ್ ಎತ್ತಿ."

"ಎತ್ತಬೇಡಿ!"

ತಿರುಗಿದೆವು. ದೊಡ್ಡಮ್ಮ. ಅಡುಗೆಮನೆಯಿಂದ ಹಾಗೇ ಓಡಿ ಬಂದಿದ್ದರು, ಕೈಯಲ್ಲಿ ಇನ್ನೂ ಸೌಟಿತ್ತು. ನಮ್ಮೆಲ್ಲರನ್ನೂ ದಾಟಿ ಹೋಗಿ ಷಟರ್‌ಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತರು. ಅವರ ಹಿಂದೆಯೇ ದೊಡ್ಡಪ್ಪ, ಪೊರಕೆ ಸಮೇತ.

"ಮೇಷ್ಟ್ರನ್ನ ಗೋಳು ಹುಯ್ಕೋಬೇಡ," ಅಂದರು ದೊಡ್ಡಮ್ಮ ಅತ್ತಿಗೆಗೆ. "ತಳ್ಳಿದ್ದು ನಾನು."

ನಾನು ಬಾಯಿ ತೆರೆದವನು ಮುಚ್ಚಲಿಲ್ಲ. ನಾಲ್ಕು ದಿನದಿಂದ ಗಂಡನ ಮೇಲೆ ಹರಿಹಾಯ್ದದ್ದು, ಬೇರೆ ಕೂತು ಉಂಡದ್ದು, ಕಣ್ಣೀರು ಹಾಕಿದ್ದು, ಎಲ್ಲ ಇವರೇ!

"ಯಾಕೆ ದೊಡ್ಡಮ್ಮ?" ಅಂದರು ಅತ್ತಿಗೆ.

ದೊಡ್ಡಮ್ಮ ಚಾಚಿದ್ದ ಕೈಗಳನ್ನು ಇಳಿಸಿದರು. ಆಮೇಲೆ, ಎಕ್ಸ್‌ಚೇಂಜಿನಲ್ಲಿ ಲೈನು ಸಿಕ್ಕಿಲ್ಲ ಅಂತ ತಿಳಿಸುವ ಸ್ವರದಲ್ಲಿ ಹೇಳಿದರು.

"ನಾನು ಪಾಸಾಗಿಲ್ಲ."

ಮೇಷ್ಟ್ರ ಕಾಲು ನಿಂತಿತು.

"ಎಲ್ಲ ಸರಿಯಾಗೇ ಮಾಡಿದ್ರು," ಅಂದರು ಮೇಷ್ಟ್ರು, ತಡೆಯಲಾಗದೆ. "ಎಂಟು ಹಾಕಿದ್ರು, ದಿಬ್ಬ ಹತ್ತಿಸಿದ್ರು, ರಿವರ್ಸು ಹೂವಿನ ಹಾಗೆ ತಗೊಂಡ್ರು. ಇನ್‌ಸ್ಪೆಕ್ಟರು ಕಾಗದಕ್ಕೆ ಸಹಿ ಹಾಕೋಕೆ ಪೆನ್ನು ತೆಗೆದಿದ್ರು. ಆಗ ಕಾರಿಂದ ಇಳಿದ್ರು ನಿಮ್ಮ ದೊಡ್ಡಮ್ಮ."

"ಇಳಿದು?"

"ಇಳಿದು ಮುಂದಿನ ಚಕ್ರದ ಪಕ್ಕ ನಿಂತು, ಕಾಲಿಂದ ನೆಲ ತುಳಿದ್ರು. ಹಿಂದಿನ ಚಕ್ರದ ಹತ್ತಿರ ಹೋಗಿ ಇನ್ನೊಂದು ಸಲ ತುಳಿದ್ರು."

ನನಗೆ ಅರ್ಥವಾಗುವ ಮೊದಲೇ ದೊಡ್ಡಪ್ಪನಿಗೆ ಅರ್ಥವಾಯಿತು. "ಡಾಲಿ ಲಾಕು!" ಅಂದರು.

"ಹೂಂ ಮತ್ತೆ!" ದೊಡ್ಡಮ್ಮ ಸೌಟು ಎತ್ತಿದರು. "ಎರಡು ವರ್ಷದಿಂದ ದಿನಾ ಗ್ಯಾರೇಜಲ್ಲಿ ಬೆಣ್ಣೆ ಒಳಗೆ ಕೂತು ಕ್ಲಚ್ಚು, ಗೇರು, ಸ್ಟೀರಿಂಗು ಅಂತ ಒಬ್ಬಳೇ ಅಭ್ಯಾಸ ಮಾಡಿದ್ದೀನಿ. ಇಳಿದ ತಕ್ಷಣ ಡಾಲಿ ಲಾಕು ತುಳಿ, ಇಲ್ಲದಿದ್ರೆ ಕಾರು ಹೋಗಿ ಕೆಂಪಿಗೆ ಗುದ್ದುತ್ತೆ ಅಂತ ಬೆಳಿಗ್ಗೆ ಸಂಜೆ ಬೈದು ಕಲಿಸಿದ್ದು ಯಾರು? ಡಾಲಿ ಮೇಲೆ ಕೂತ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆದ್ರೂ ಒಂದೇ ಬಿಟ್ರೂ ಒಂದೇ, ಎಳೆದಿಟ್ರೆ ಒಳಗೆ ಹಿಡ್ಕೊಂಡುಬಿಡುತ್ತೆ, ಮುಟ್ಟಬೇಡ ಅಂದಿದ್ದು ಯಾರು?"

"ನಾನೇ," ಅಂದರು ದೊಡ್ಡಪ್ಪ, ಸಣ್ಣಗೆ.

"ಮುಟ್ಟಲಿಲ್ಲ. ಲಾಕು ತುಳಿದೆ. ಇನ್‌ಸ್ಪೆಕ್ಟರಿಗೆ ಕೈಮುಗಿದು ಥ್ಯಾಂಕ್ಸ್ ಹೇಳ್ತಿದ್ದೀನಿ, ಕಾರು ನಮ್ಮಿಬ್ಬರ ಪಕ್ಕದಿಂದಾನೇ ನಿಧಾನಕ್ಕೆ ಹೊರಟುಹೋಯ್ತು. ಅವರು ಅದನ್ನ ನೋಡ್ತಾರೆ, ನನ್ನ ನೋಡ್ತಾರೆ."

"ನಾನು ಅದರ ಹಿಂದೆ ಓಡಿದೆ," ಅಂದರು ಮೇಷ್ಟ್ರು. "ಓಡ್ತಾ ಬ್ರೇಕು ತುಳೀತಿದ್ದೆ. ಬೇಲಿಗೆ ತಾಗಿ ನಿಲ್ತು."

ಮೊದಲು ನಕ್ಕವನು ನಾನು. ನಗಬಾರದು ಅಂತ ಕೆನ್ನೆ ಕಚ್ಚಿಕೊಂಡೆ, ಆಗಲಿಲ್ಲ. ಆಮೇಲೆ ಅತ್ತಿಗೆ, ಆಮೇಲೆ ಮೇಷ್ಟ್ರು. ದೊಡ್ಡಪ್ಪ ನಗುತ್ತಾ ನಗುತ್ತಾ ಪೊರಕೆ ಬಿಟ್ಟು ಮೇಷ್ಟ್ರ ಕಾರಿನ ಬಾನೆಟ್ಟಿಗೆ ಒರಗಿದರು, ಅಂಗಿಯೆಲ್ಲ ಒದ್ದೆಯಾಯಿತು. ಕೊನೆಗೆ ದೊಡ್ಡಮ್ಮನೂ ಸೌಟಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಎದುರು ಮನೆಯವರು ಏನಾಯಿತೆಂದು ಕಿಟಕಿ ತೆರೆದು ನೋಡಿದರು.

"ಮನೆಗೆ ಬಂದು ಹೇಳ್ಬೇಕು ಅಂತಾನೇ ಇದ್ದೆ," ಅಂದರು ದೊಡ್ಡಮ್ಮ ಕಣ್ಣೊರೆಸಿಕೊಂಡು. "ಗೇಟಲ್ಲಿ ಬಲೂನು. ನಿಮ್ಮ ಮುಖ ಹೇಗಿತ್ತು ಗೊತ್ತಾ? ನನ್ನ ಮದುವೆ ದಿನ ಕೂಡ ಅಷ್ಟು ಸಂತೋಷ ಪಟ್ಟಿರಲಿಲ್ಲ ನೀವು. ಹೇಗೆ ಹೇಳಲಿ? ಬೆಣ್ಣೆ ಇಲ್ಲದಿದ್ರೆ ಭಾನುವಾರ ತಪ್ಪುತ್ತಲ್ಲ ಅಂತ ಮೇಷ್ಟ್ರ ಕಾಲು ಹಿಡ್ಕೊಂಡೆ. ನೀವು ಕಟಿಂಗ್‌ಗೆ ಹೋದ ಹೊತ್ತಲ್ಲಿ ಸ್ಕ್ರೂ ಬಿಚ್ಚಿದೆ."

"ಮತ್ತೆ ನನ್ನ ಬೈದಿದ್ದು?"

"ಸುಮ್ಮನಿದ್ರೆ ನಿಮಗೆ ಅನುಮಾನ ಬರಲ್ವಾ? ಬೈದು ಬೈದು ನನಗೇ ನಂಬಿಕೆ ಬಂದುಬಿಟ್ಟಿತ್ತು, ನೀವೇ ತಗೊಂಡಿದ್ದು ಅಂತ."

ದೊಡ್ಡಪ್ಪ ಹತ್ತಿರ ಹೋಗಿ ಅವರ ಕೈಯಿಂದ ಸೌಟು ತೆಗೆದು ನನಗೆ ಕೊಟ್ಟರು, ಆ ಖಾಲಿ ಕೈಯನ್ನು ತಾವು ಹಿಡಿದುಕೊಂಡರು. "ತಪ್ಪು ನನ್ನದು ಕಣೆ. ಮನೇಲಿ ಕಲಿಸಿದ್ದೇ ತಪ್ಪಾಗಿ ಕಲಿಸಿದ್ದೀನಿ. ಎಲ್ ಬೋರ್ಡು ಹಾಕ್ಕೋ. ಆರನೇ ಸಲಕ್ಕೆ ಕಟ್ಟೋಣ. ನಾಳೆ ಒಂಬತ್ತಕ್ಕೆ ನೀನೇ ಓಡಿಸ್ತೀಯ, ನಾನು ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕ್ ಹಿಡ್ಕೋತೀನಿ. ಚಪ್ಪಾಳೆ ತಟ್ಟೋರು ತಟ್ಟಲಿ."

ಸೌಟು ಹಿಡಿದು ಅಳುವುದು ಚೆನ್ನಾಗಿರುವುದಿಲ್ಲವೆಂದು ಆಕಾಶ ನೋಡಿದೆ. ಇವತ್ತು ರಾತ್ರಿ ಈ ಮನೆಯಲ್ಲಿ ಒಂದೇ ಮೇಜಿಗೆ ಊಟ, ನಾನೂ ಇದ್ದೇ ಉಂಡು ಹೋಗುವುದು ಎಂದು ಅಲ್ಲೇ ತೀರ್ಮಾನ ಮಾಡಿದೆ.

"ಹಾಗಾದ್ರೆ ಷಟರ್ ಎತ್ತಿ ಮೇಷ್ಟ್ರೇ!" ಅಂದರು ದೊಡ್ಡಮ್ಮ. ಹತ್ತು ವರ್ಷ ಚಿಕ್ಕವರಾದಂತಿದ್ದರು. "ಬೆಣ್ಣೇನ ಈಗಲೇ ಮನೆಗೆ ಕರ್ಕೊಂಡು ಹೋಗ್ತೀನಿ."

"ಈಗ್ಯಾಕೆ, ಬೆಳಿಗ್ಗೆ ಮಾಡಿದ್ರಾಯ್ತು," ಅಂದರು ದೊಡ್ಡಪ್ಪ. "ಮೊದಲು ಎಲ್ಲರೂ ಟೀ ಕುಡಿಯೋಣ ಬನ್ನಿ."

"ಟೀ ಆಮೇಲೆ."

ಮೇಷ್ಟ್ರು ಷಟರ್ ಎತ್ತಿದರು. ಒಳಗೆ, ಹಲಗೆ ಗೋಡೆಯ ಪಕ್ಕ, ನೀಲಿ ಹೊದಿಕೆ ಹೊದ್ದು ಬೆಣ್ಣೆ ಮಲಗಿತ್ತು. ಗುಂಡು ಬೆನ್ನು, ಇಳಿಜಾರು ಮೂತಿ. "ದಿನಾ ಬೆಳಿಗ್ಗೆ ಷಟರ್ ಎತ್ತಿ ನೋಡೇ ಪಾಠಕ್ಕೆ ಹೋಗ್ತಿದ್ದೆ. ಯಾರೂ ಮುಟ್ಟಿಲ್ಲ," ಅಂದರು ಮೇಷ್ಟ್ರು ಹೆಮ್ಮೆಯಿಂದ. ದೊಡ್ಡಮ್ಮ ಒಂದು ಕೈಯಿಂದ ಗಂಡನ ಕೈ ಹಿಡಿದೇ ಎಳೆದುಕೊಂಡು ಹೋಗಿ, ಇನ್ನೊಂದು ಕೈಯಿಂದ ಹೊದಿಕೆಯ ತುದಿ ಹಿಡಿದು ಸರ್ರನೆ ಜಗ್ಗಿದರು.

ಹೊದಿಕೆಯ ಕೆಳಗೆ ಎರಡು ಬೆಂಚುಗಳಿದ್ದವು.

ಮೇಷ್ಟ್ರು ಗ್ಯಾರೇಜಿನ ಮೂಲೆಗೆ ಹಾಕಿದ್ದ, ಡ್ರೈವಿಂಗ್ ಪಾಠದ ಹಳೇ ಬೆಂಚುಗಳು. ಒಂದರ ಮೇಲೊಂದು ಪೇರಿಸಿ, ಮುಂದೆ ಹಿಂದೆ ಹಳೇ ಟೈರುಗಳನ್ನು ಜೋಡಿಸಿ, ನಡುವೆ ಒಂದು ದಪ್ಪ ಹಾಸಿಗೆಯನ್ನು ಬಗ್ಗಿಸಿ ಗುಂಡಗೆ ಕೂರಿಸಿದ್ದರು. ಹೊದಿಕೆ ಹಾಕಿದರೆ ಥೇಟ್ ಬೆಣ್ಣೆ.

ದೊಡ್ಡಮ್ಮ ಕಿರುಚಿದರು. ಮೇಷ್ಟ್ರು "ಅಯ್ಯೋ ನನ್ನ ಬೆಂಚು!" ಎಂದು ಕಿರುಚಿ ನೆಲ ತುಳಿದರು. ನಾನು ಕಿರುಚಿದ್ದಲ್ಲದೆ ಸೌಟನ್ನೂ ಎತ್ತಿ ಹಾಕಿದೆ. ನಾಟಕದ ಕಳ್ಳತನ ಹೋಗಿ ನಿಜವಾದ ಕಳ್ಳತನವೇ ಆಗಿಬಿಟ್ಟಿತ್ತು!

ಅತ್ತಿಗೆ ಬೆಂಚಿನ ಕಡೆ ನೋಡಲೇ ಇಲ್ಲ. ಮೂಲೆಯಲ್ಲಿ ಬೆಣ್ಣೆಯ ನಾಲ್ಕು ಡಾಲಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಒಂದಕ್ಕೊಂದು ಉಜ್ಜಿ ಬಣ್ಣ ಹೋಗದಂತೆ ನಡುನಡುವೆ ಮಡಿಸಿದ ಪತ್ರಿಕೆ ಇಟ್ಟಿದ್ದರು. ಅತ್ತಿಗೆ ಒಂದನ್ನು ಮೆಲ್ಲಗೆ ಎಳೆದು ತಾರೀಖು ನೋಡಿದರು.

"ಗುರುವಾರದ್ದು. ಮೇಷ್ಟ್ರೇ, ಇದು ನಿಮ್ಮ ಪೇಪರಾ?"

"ನಾನು ಪೇಪರೇ ತರಿಸಲ್ಲ ತಾಯಿ."

"ಜಾಕ್ ಹಾಕಿ ನಾಲ್ಕು ಚಕ್ರಾನೂ ಸಮಾಧಾನವಾಗಿ ಇಳಿಸಿ, ನೀವು ಪಾಠಕ್ಕೆ ಹೋದಾಗ ಈ ಷಟರಿಂದಾನೇ ಓಡಿಸಿಕೊಂಡು ಹೋಗಿದ್ದಾರೆ," ಅಂದರು ಅತ್ತಿಗೆ. "ಹೋಗೋ ಮುಂಚೆ ಡಾಲಿಗೆ ಗೀರು ಬೀಳಬಾರದು ಅಂತ ಪೇಪರ್ ಇಟ್ಟಿದ್ದಾರೆ. ಕಾರು ಕದಿಯೋನಿಗೆ ಡಾಲಿ ಬಣ್ಣದ ಚಿಂತೆ ಯಾಕೆ?"

ಅತ್ತಿಗೆ ಪತ್ರಿಕೆ ಮಡಿಸಿ, ನಮ್ಮೆಲ್ಲರ ತಲೆ ದಾಟಿ ನೋಡಿದರು.

"ದೊಡ್ಡಪ್ಪ, ಹೊದಿಕೆ ತೆಗೆದಾಗ ಇಲ್ಲಿದ್ದೋರೆಲ್ಲ ಕಿರುಚಿದ್ರು. ನೀವ್ಯಾಕೆ ಕಿರುಚಲಿಲ್ಲ?"

ದೊಡ್ಡಮ್ಮ ತಿರುಗಿ ಗಂಡನ ಮುಖ ನೋಡಿದರು. "ಹಾಗಾದ್ರೆ ಗೀರು ಬೀಳುತ್ತೆ ಅಂತ ನಿಜವಾಗ್ಲೂ ನೀವೇ..." ಅಂದರು. ಆಮೇಲೆ, ಆಗಿನಿಂದ ಹಿಡಿದುಕೊಂಡೇ ಇದ್ದ ಅವರ ಕೈಯನ್ನು ನಿಧಾನವಾಗಿ ಬಿಟ್ಟರು.